ಬೀಜಕ್ಕೆ ಬಿಟ್ಟ ಗೋರಿಕಾಯಿ

ಮಾರ್ಚ್ 7, ಬೆಳಿಗ್ಗೆ

ಟೊಮೇಟೊ ಸತ್ತಿತು. ಕೊನೆಯ ಗಿಡ. ನಿನ್ನೆ ಸಂಜೆಯೇ ತಲೆ ಬಾಗಿಸಿ ನಿಂತಿತ್ತು, ಕೊನೆಯ ಅಂಕದಲ್ಲಿ ಬಾಣ ತಗುಲಿದ ಸೇನಾಪತಿಯ ಹಾಗೆ. ಬೀಳುತ್ತೇನೋ ಇಲ್ಲವೋ ಎಂದು ಒಂದು ಗಳಿಗೆ ಆಡಿಸಿ, ಬೆಳಿಗ್ಗೆ ಬಿದ್ದೇ ಬಿಟ್ಟಿತು. ಬೀನ್ಸ್ ಹೋಗಿ ವಾರವಾಯಿತು. ನವಿಲುಕೋಸಿನ ಕಥೆ ಹೇಳುವುದೇ ಬೇಡ, ಪ್ರವೇಶವಾಗುವ ಮೊದಲೇ ಪರದೆ ಬಿತ್ತು.

ಆ ನರ್ಸರಿಯವನನ್ನು ಹಿಡಿದು ತಂದು ಈ ಬಿಸಿಲಲ್ಲಿ ನಿಲ್ಲಿಸಬೇಕು. "ಹೈಬ್ರಿಡ್ಡು ಮೇಡಂ, ಸಕತ್ ಹಾರ್ಡಿ, ನೀವು ಬೈದ್ರೂ ಸಾಯಲ್ಲ." ಬೈಯಲಿಲ್ಲವಲ್ಲಯ್ಯ! ಒಂದೇ ಒಂದು ಮಾತು ಬೈಯಲಿಲ್ಲ. ಆದರೂ ಸತ್ತವು.

ಚಾಮರಾಜಪೇಟೆಯ ಈ ಮನೆಯ ಹಿತ್ತಲು ಎಂದರೆ ಎರಡು ಚಾಪೆಯಗಲದ ಮಣ್ಣು. ಅದರಲ್ಲಿ ಈಗ ಹಸಿರಾಗಿ ನಿಂತಿರುವುದು ಒಂದೇ ಸಾಲು. ಹನುಮಕ್ಕ ಕೊಟ್ಟ ಗೋರಿಕಾಯಿ. ಮೊಣಕಾಲುದ್ದ, ಎಲೆಯೆಲ್ಲ ಮುಟ್ಟಿದರೆ ಚುಚ್ಚುವ ಸುಂಕು, ನೋಡಲು ಏನೇನೂ ಚೆಂದವಿಲ್ಲ. ನಮ್ಮ ಅಪ್ಪ ಹಾರ್ಮೋನಿಯಂ ಬಾರಿಸುತ್ತಿದ್ದ ನಾಟಕ ಕಂಪನಿಯಲ್ಲಿ ಹನುಮಕ್ಕ ರಾಣಿ, ನಾನು ರಾಣಿಯ ಮಗ. ಹೆಣ್ಣಾದರೂ ಗಂಡುಪಾತ್ರವೇ ನನಗೆ. ಈ ಗಂಟಲನ್ನು ಇನ್ನೆಲ್ಲಿ ಅಡಗಿಸುತ್ತಾರೆ! ಕಂಪನಿ ಮುಚ್ಚಿದ ಮೇಲೆ ಅವಳು ಪಾವಗಡದ ತನ್ನ ಹೊಲಕ್ಕೆ ಹೋದಳು, ನಾನು ಮೇಷ್ಟರಗಿತ್ತಿಯಾಗಿ ಪೆನ್ಷನ್ನೂ ತೆಗೆದುಕೊಂಡೆ. ಸಂಕ್ರಾಂತಿಗೆ ಬಂದಾಗ ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಬೀಜ ಕೊಟ್ಟಳು. ಅಷ್ಟನ್ನೂ ಬಿತ್ತಿದೆ.

ಅದು ನಿಂತಿದೆ. ಮಿಕ್ಕವು ಬಿದ್ದವು. ಇಷ್ಟೇ.

ಮಾರ್ಚ್ 11

ಇಂದು ಪೇಪರಿನಲ್ಲಿ ಬಂತು. ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ, ಕಾರು ತೊಳೆದರೆ ದಂಡ. ಸರಿ, ಒಪ್ಪಿದೆ. ಓದಿ ಮಡಚಿಟ್ಟು ತಲೆಯೆತ್ತಿದರೆ ಎದುರು ಮನೆಯ ಮುಂದೆ ಅಭಿಷೇಕ! ಪೈಪು ಹಿಡಿದು, ಕಾರಿನ ಚಕ್ರದ ಸಂದುಗೊಂದುಗಳಿಗೆಲ್ಲ ಮಜ್ಜನ ಮಾಡಿಸುತ್ತಿದ್ದಾನೆ ಮಹಾರಾಯ. ನೀರು ರಸ್ತೆಯಲ್ಲಿ ಹರಿದು ನಮ್ಮ ಗೇಟಿನವರೆಗೆ ಬಂತು.

ಗೇಟಿನ ಮೇಲೆ ಎರಡೂ ಕೈಯಿಟ್ಟು ನಿಂತೆ. ಉಸಿರನ್ನು ಹೊಟ್ಟೆಯ ತಳದಿಂದ ತೆಗೆದುಕೊಂಡೆ.

"ಏನ್ರೀ ನಿಮ್ಮ ಪುಷ್ಪಕ ವಿಮಾನಕ್ಕೆ ಮದುವೆಯೇನ್ರೀ? ಅರಿಶಿನ ಹಚ್ಚಲಿಲ್ಲ?"

"ಆಂಟಿ, ಇದು ಟ್ಯಾಂಕರ್ ನೀರು. ದುಡ್ ಕೊಟ್ ತರ್ಸಿರೋದು."

"ದುಡ್ಡು ಕೊಟ್ರೆ ಭೂಮಿತಾಯಿ ನಿಮ್ಮನೆ ಕೆಲಸದೋಳಾಗ್ತಾಳಾ?"

ರಾಮಮಂದಿರದ ಕಡೆಗೆ ಹೋಗುತ್ತಿದ್ದವರು ನಿಂತರು. ಇನ್ನೊಂದು ಮಾತಿಗೆ ಬಾಯಿ ತೆರೆದೆ. ಆಗ ಒಳಗಿನಿಂದ ನನ್ನ ತಮ್ಮ ಚಕ್ರಪಾಣಿಯ ಕೀರಲು ಧ್ವನಿ: "ಅಕ್ಕಾ, ಬೀದಿನಾಟಕ ಸಾಕು, ಒಳಗ್ ಬಂದ್ಬಿಡು."

ಎಂಥ ಕಟ್ಟುಮಸ್ತಾದ ದೃಶ್ಯ, ರಂಗದ ಪಕ್ಕದ ವಿಂಗಿನಲ್ಲಿ ನಿಂತವನು ಕೆಡಿಸಿದ. ಯಾವಾಗಲೂ ಹೀಗೇ. ಅಪ್ಪ ಊರೂರು ತಿರುಗಿದರು, ಇವನು ಬ್ಯಾಂಕಿನ ಕುರ್ಚಿ ಬಿಟ್ಟು ಏಳಲಿಲ್ಲ. ಅಪ್ಪ ಕಂಡಕಂಡವರ ಕೈಯಲ್ಲಿ ಉಂಡರು, ಇವನು ಮಡಿ ಮಡಿ ಎಂದು ಸ್ವಂತ ನೆರಳನ್ನೂ ದೂರ ಇಡುತ್ತಾನೆ.

ಮಾರ್ಚ್ 13

ಗೋರಿಕಾಯಿಗೆ ನೀರಿನ ಏರ್ಪಾಡು ಮುಗಿಯಿತು. ಕೊಳಾಯಿಯ ಒಂದು ತೊಟ್ಟೂ ಇಲ್ಲ. ಅಕ್ಕಿ, ಬೇಳೆ ತೊಳೆದ ನೀರು. ಮುಸುರೆ ಪಾತ್ರೆಗೆ ಸೋಪು ಹಾಕುವ ಮೊದಲು ಗಲಬರಿಸಿದ ನೀರು. ಮೇಲಿನ ಮನೆಯ ಬಾಡಿಗೆ ಹುಡುಗಿ ಇಂಚರಾ ಕೂಗಿ ಕೇಳಿದಳು: "ಆಂಟಿ, ನಮ್ ಫಿಲ್ಟರ್‌ದು ವೇಸ್ಟ್ ವಾಟರ್ ಬೇಕಾ? ಬಕೆಟ್‌ಗಟ್ಲೆ ಬರತ್ತೆ." ಉಪ್ಪು ಜಾಸ್ತಿ ಇರುತ್ತದೆ, ವಾರಕ್ಕೊಮ್ಮೆ ಸಾಕು ಎಂದೆ. ಬುಡಕ್ಕೆ ತೆಂಗಿನ ನಾರು, ಒಣಗಿದೆಲೆ ಹೊದಿಸಿದ್ದೇನೆ.

ಚಕ್ರಪಾಣಿ ಹಿತ್ತಲ ಬಾಗಿಲಲ್ಲಿ ನಿಂತು ಮೂಗು ಮುಚ್ಚಿಕೊಂಡ. ವಾಸನೆಯೇ ಇಲ್ಲ, ಆದರೂ.

"ಮುಸುರೆ ನೀರು ಹಾಕ್ತಿದೀಯಾ ಅಕ್ಕ? ತಿನ್ನೋ ಗಿಡಕ್ಕೆ?"

"ಹೌದು ಕಣೋ. ಪೇಟೇಲಿ ನೀನು ತರೋ ಸೊಪ್ಪಿಗೆ ಗಂಗೋದಕ ಹಾಕಿರ್ತಾರೆ. ಮೋರಿ ಪಕ್ಕದಲ್ಲೇ ಹರಿಯತ್ತೆ ಆ ಗಂಗೆ!"

"ಅದು ಕಣ್ಣಿಗೆ ಕಾಣಲ್ಲ. ಇದು ಕಾಣತ್ತೆ. ನನಗಂತೂ ಬಡಿಸ್ಬೇಡ."

ನೋಡಿ ಧರ್ಮಶಾಸ್ತ್ರ! ಕಾಣದಿದ್ದರೆ ಮೈಲಿಗೆಯಿಲ್ಲ. ಹಾಗಾದರೆ ಕಣ್ಣು ಮುಚ್ಚಿಕೊಂಡು ಉಣ್ಣು.

ಮಾರ್ಚ್ 24

ಮೊದಲ ಕೊಯ್ಲು. ಒಂದು ಮೊರದ ತುಂಬ. ಈ ಸುಡುಗಾಡು ಬಿಸಿಲಲ್ಲಿ! ಪಕ್ಕದ ಮನೆಯವರ ಬೆಂಡೆ ಸಾಯುತ್ತಿದೆ, ಅವರ ನುಗ್ಗೆ ಎಲೆಯುದುರಿಸಿ ಸನ್ಯಾಸ ತಗೊಂಡಿದೆ, ನಮ್ಮ ಗೋರಿಕಾಯಿ ಗೊಂಚಲು ಗೊಂಚಲಾಗಿ ಸಲಾಮು ಹೊಡೆಯುತ್ತಿದೆ. ಬೆಲ್ಲ ಹಾಕಿ, ಕಾಯಿತುರಿ ಹಾಕಿ ಪಲ್ಯ ಮಾಡಿದೆ. ಚಕ್ರಪಾಣಿ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದ. ಸಿಂಹಾಸನದಲ್ಲಿ ಕೂತು ಭಿಕ್ಷುಕನನ್ನು ತಡೆದ ಹಾಗೆ.

ಅವನ ಹೆಂಡತಿ ಅಂಬುಜಾ ಆಮೇಲೆ ಹಿತ್ತಲ ಮೆಟ್ಟಿಲ ಮೇಲೆ ಕೂತು ಬಾಣಲೆಯಿಂದಲೇ ತಿಂದಳು. "ಅಕ್ಕಾ, ಎಷ್ಟ್ ರುಚಿಯಾಗಿದೆ ಗೊತ್ತಾ. ಇವರಿಗೆ ಹೇಳ್ಬೇಡಿ." ಹೇಳುವುದಿಲ್ಲ. ಆದರೆ ಕುದಿಯುತ್ತದೆ ನನಗೆ. ತರಕಾರಿ ತಿನ್ನಲು ಗಂಡನಿಗೆ ಕದ್ದು ಕೂರಬೇಕೇ, ಈ ವಯಸ್ಸಿಗೆ?

ಮಾರ್ಚ್ 30

ಅಪ್ಪನ ತಿಥಿಯ ಮಾತು ತೆಗೆದ. ಬರುವ ತಿಂಗಳು, ಚೈತ್ರ ಬಹುಳದಲ್ಲಿ. ಪ್ರತಿವರ್ಷದ ಹಾಗೆಯೇ ಮುಖ ಸಣ್ಣದು ಮಾಡಿಕೊಂಡು ನನ್ನ ಕುರ್ಚಿಯ ಪಕ್ಕ ಬಂದು ನಿಂತ.

"ಈ ಸಲನಾದ್ರೂ ಅಪ್ಪಂಗೆ ಅಂತ ನಿನ್ ಕೈಯಿಂದ ಏನಾದ್ರೂ ಕೊಡಕ್ಕ. ಒಂದು ಬಾಳೆಕಾಯಾದ್ರೂ ಸರಿ."

"ಅಪ್ಪನಿಗೆ ನಾನು ಕೊಡಬೇಕಾದ್ದು ಬದುಕಿದ್ದಾಗಲೇ ಕೊಟ್ಟೆ ಕಣೋ. ಜ್ವರ ಬಂದ ರಾತ್ರಿಗಳಲ್ಲಿ ಟೆಂಟಿನಲ್ಲಿ ಗಂಜಿ ಕಾಯಿಸಿದ್ದು ಯಾರು? ನೀನು ಅಜ್ಜಿಮನೇಲಿ ಮಗ್ಗಿ ಬಾಯಿಪಾಠ ಮಾಡ್ತಿದ್ದೆ."

"ಅದಕ್ಕೇ ಕೇಳ್ತಿರೋದು" ಎಂದು ಹೋಗಿಬಿಟ್ಟ.

ಏನು ಅದಕ್ಕೇ? ಪೂರ್ತಿ ಹೇಳಬಾರದೇ? ಮಾತನ್ನು ಅರ್ಧಕ್ಕೆ ನುಂಗುವ ನಟನನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಏಪ್ರಿಲ್ 2

ಹನುಮಕ್ಕನಿಗೆ ಫೋನು ಮಾಡಿದೆ. ಬೀಜ ಇನ್ನೊಂದಿಷ್ಟು ಕಳಿಸು, ಮೇಲಿನ ಮನೆಯವಳೂ ಕುಂಡದಲ್ಲಿ ಹಾಕುತ್ತಾಳಂತೆ ಎಂದೆ. ಅತ್ತ ಕಡೆ ನಗು.

"ಎಲ್ಲೈತೆ ಬೀಜ? ಹೊಲಾನೆಲ್ಲ ಸೋಲಾರ್‌ನೋರಿಗೆ ಬಾಡಿಗೆಗೆ ಕೊಟ್ಟಾತಲ್ಲ. ಕನ್ನಡಿ ಬೆಳೀತಾವೆ ಈಗ. ನಿನ್ ಕೈಯಾಗೆ ಇಕ್ಕಿದ್ದೇ ಕೊನೇದು."

"ಅಷ್ಟನ್ನೂ ಬಿತ್ತಿಬಿಟ್ಟೆನಲ್ಲೇ!"

"ಬಿತ್ತಿದ್ರೆ ಒಳ್ಳೇದೇ ಆತು. ಬಲೀಲಿಕ್ಕೆ ಬಿಡು. ಎಲ್ಲಾ ತಿಂದ್ಹಾಕಿ ಕೂತ್ಕಬ್ಯಾಡ, ನಮ್ ರಾಜಕುಮಾರ!"

ಫೋನಿಟ್ಟ ಮೇಲೆ ಕೂತಲ್ಲೇ ಕೂತೆ. ಅವಳ ಅಜ್ಜಿಯ ಕಾಲದಿಂದ ಬಂದ ಬೀಜ. ಮಳೆ ಕೈಕೊಟ್ಟ ವರ್ಷವೆಲ್ಲ ಅವರ ಸಾರಿಗೆ ಬಿದ್ದದ್ದು ಇದೇ. ಈಗ ಭೂಮಿಯ ಮೇಲೆ ಅದು ಇರುವುದು ಚಾಮರಾಜಪೇಟೆಯ ಎರಡು ಚಾಪೆಯಗಲದಲ್ಲಿ, ಕೋಪಿಷ್ಠೆ ಮುದುಕಿಯೊಬ್ಬಳ ಸುಪರ್ದಿನಲ್ಲಿ. ಹೈಬ್ರಿಡ್ಡಿನವರು ಮೂಟೆಗಟ್ಟಲೆ ಮಾರುತ್ತಾರೆ, ಬದುಕುವ ಬೀಜಕ್ಕೆ ಗತಿಯಿಲ್ಲ!

ಏಪ್ರಿಲ್ 3

ಸಾಲಿನ ಒಳ್ಳೆಯ ಗಿಡಗಳನ್ನು ಆರಿಸಿದೆ. ಇವುಗಳ ಕಾಯಿ ಇನ್ನು ಯಾರೂ ಕೀಳುವಂತಿಲ್ಲ. ಬಲಿತು, ಗಿಡದಲ್ಲೇ ಒಣಗಿ, ಅಲ್ಲಾಡಿಸಿದರೆ ಗಲಗಲ ಅನ್ನಬೇಕು. ಮಿಕ್ಕ ಗಿಡಗಳ ಕಾಯಿ ಅಡುಗೆಗೆ. ಮೋರಿಯ ಪಕ್ಕದ್ದೊಂದು ಕುಳ್ಳಗಿಡ, ಹೂವೇ ಬಿಟ್ಟಿಲ್ಲ, ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ಗುರುತಿಗೆ ಏನಾದರೂ ಕಟ್ಟಬೇಕಿತ್ತು. ಕಪಾಟಿನಲ್ಲಿ ಕೈಗೆ ಸಿಕ್ಕಿದ್ದು ಅಪ್ಪನ ಹಾರ್ಮೋನಿಯಮ್ಮಿನ ಮೇಲೆ ಹೊದಿಸುತ್ತಿದ್ದ ಕೆಂಪು ಬಟ್ಟೆ, ಇಲಿ ಕಡಿದದ್ದು. ಉದ್ದುದ್ದ ಹರಿದು ಒಂದೊಂದು ಗಿಡಕ್ಕೂ ಗಂಟು ಹಾಕಿದೆ. ದೂರದಿಂದಲೇ ಕಾಣುತ್ತದೆ. ಚೆನ್ನಾಗಿದೆ.

ಅಂಬುಜಾ ಕಿಟಕಿಯಿಂದ ನೋಡಿದಳು. ಕೇಳಲಿಲ್ಲ. ನಾನೂ ಹೇಳಲಿಲ್ಲ. ಗಿಡಕ್ಕೆ ಬಟ್ಟೆ ಕಟ್ಟಿದರೆ ಮುಟ್ಟಬಾರದೆಂದು ಈ ಮನೆಯಲ್ಲಿ ಯಾರಿಗೆ ಗೊತ್ತಿಲ್ಲ?

ಏಪ್ರಿಲ್ 16, ರಾತ್ರಿ

ಬೋರ್‌ವೆಲ್ ಪೂರ್ತಿ ಬತ್ತಿತು. ಕೊಳಾಯಿಯ ಕಾವೇರಿ ನೀರು ದಿನ ಬಿಟ್ಟು ದಿನ, ಅದೂ ದಾರದಷ್ಟು ಸಣ್ಣಗೆ. ಯುಗಾದಿಗೆ ಎಣ್ಣೆ ಹಚ್ಚಿಕೊಂಡು ಅರ್ಧ ಬಕೆಟ್ಟಿನಲ್ಲಿ ಮಿಂದೆವು. ಮೈಯಿಂದ ಇನ್ನೂ ಜಿಡ್ಡು ಹೋಗಿಲ್ಲ, ಸಿಟ್ಟೂ ಹೋಗಿಲ್ಲ.

ಇಂದು ವಿಚಿತ್ರ. ಚಕ್ರಪಾಣಿ ಹಿತ್ತಲಿಗೆ ಇಳಿದಿದ್ದ! ಮುಸುರೆ ನೆಲವೆಂದು ಕಾಲಿಡದವನು. ಕೆಂಪು ಬಟ್ಟೆಯನ್ನು ಬೆರಳ ತುದಿಯಲ್ಲಿ ಹಿಡಿದು ನಿಂತಿದ್ದಾನೆ.

"ಅಕ್ಕ, ಇದು ಅಪ್ಪನ ಹಾರ್ಮೋನಿಯಂ ಪೆಟ್ಟಿಗೇದಲ್ವಾ?"

"ಹೌದು. ಈ ಕಾಯಿ ಯಾರೂ ಮುಟ್ಟಕೂಡ್ದು ಅಂತ ಕಟ್ಟಿದೀನಿ. ನಿನ್ ಹೆಂಡ್ತಿಗೂ ಹೇಳು."

"ಯಾಕ್ ಮುಟ್ತೀವಿ? ಯಾರೂ ಮುಟ್ಟಲ್ಲ." ಸಡಿಲವಾಗಿದ್ದ ಗಂಟನ್ನು ಬಿಗಿ ಮಾಡಿದ. "ಒಳ್ಳೇದ್ ಮಾಡ್ದೆ ಅಕ್ಕ."

ಕಣ್ಣು ಒದ್ದೆಯಾಗಿತ್ತೇ? ಧೂಳಿರಬೇಕು. ರಾತ್ರಿಯೂಟಕ್ಕೆ ನನ್ನ ತಟ್ಟೆಗೆ ತಾನೇ ತುಪ್ಪ ಹಾಕಿದ. ಈ ಮನುಷ್ಯ ಏನೋ ಹೂಡುತ್ತಿದ್ದಾನೆ. ನಾಟಕ ಶುರುವಾಗುವ ಮೂರನೇ ಗಂಟೆ ಹೊಡೆದಾಯಿತು, ಪರದೆ ಏಳುತ್ತಿಲ್ಲ, ಒಳಗೆ ಏನು ನಡೆಯುತ್ತಿದೆ ಗೊತ್ತಿಲ್ಲ... ಅಂಥ ಕಿರಿಕಿರಿ.

ಏಪ್ರಿಲ್ 23

ಕೆಂಪು ಬಟ್ಟೆಯ ಕಾಯಿಗಳು ದಪ್ಪವಾಗಿವೆ. ಹಸಿರು ಹೋಗಿ ಹಳದಿ ತಿರುಗಲು ಇನ್ನೂ ಎರಡು ವಾರ. ಒಳಗೆ ಬೀಜ ಎಳೆಯದು, ಹಾಲಿನ ಹಾಗೆ. ಈಗ ಕಿತ್ತರೆ ಊಟಕ್ಕೂ ಇಲ್ಲ, ಬಿತ್ತುವುದಕ್ಕೂ ಇಲ್ಲ.

ಏಪ್ರಿಲ್ 27, ಮಧ್ಯಾಹ್ನ

ತಿಂದುಬಿಟ್ಟರು.

ಏಪ್ರಿಲ್ 30

ಇಂದು ಬರೆಯುತ್ತೇನೆ. ಮೂರು ದಿನ ಪೆನ್ನು ಹಿಡಿದು ಮತ್ತೆ ಕೆಳಗಿಟ್ಟೆ.

ತಿಥಿಯ ದಿನ ನನ್ನನ್ನು ಮುಂದಿನ ಕೋಣೆಗೆ ಗಡೀಪಾರು ಮಾಡಿದ್ದರು. ಹಿತ್ತಲ ಮುಸುರೆಯಲ್ಲಿ ಕೈಯಾಡಿಸುವವಳು, ಮಡಿ ಅಡುಗೆಯ ಹತ್ತಿರ ಸುಳಿಯಬಾರದು. ಸರಿ, ಪೇಪರು ಓದುತ್ತಾ ಕೂತೆ. ಮಂತ್ರ ಕೇಳುತ್ತಿತ್ತು. ತುಪ್ಪದ ವಾಸನೆ. ಎಲೆ ಹಾಕಿದ ಮೇಲೆ ಕರೆದರು, ಬಾಗಿಲ ಬಳಿ ನಿಂತು ನೋಡಲು.

ಎರಡು ಎಲೆ. ಒಂದರ ಮುಂದೆ ಅಪ್ಪನ ಹೆಸರಿನಲ್ಲಿ ಉಣ್ಣಲು ಬಂದ ನಾಗಭೂಷಣ ಶಾಸ್ತ್ರಿಗಳು, ಇನ್ನೊಂದರ ಮುಂದೆ ಗವಿಪುರಂನಿಂದ ಬಂದ ಅವರ ಭಾವಮೈದುನ. ಪಾಯಸ, ಬಾಳೆಕಾಯಿ, ಹಾಗಲಕಾಯಿ ಗೊಜ್ಜು. ಎಲೆಯ ಮೂಲೆಯಲ್ಲಿ ಪಲ್ಯ. ಗೋರಿಕಾಯಿ. ದಪ್ಪ, ಸುಂಕು ಸುಂಕು, ಎಂಥ ಕುರುಡನಿಗೂ ಗುರುತು ಸಿಗುವ ನನ್ನ ಗೋರಿಕಾಯಿ.

ಗೋಡೆ ನೋಡಿದೆ. ಅಪ್ಪನ ಫೋಟೊದ ಕೆಳಗೆ ಕೆಂಪು ಬಟ್ಟೆಯ ತುಂಡುಗಳು. ಒಗೆದು, ಒಣಗಿಸಿ, ಒಪ್ಪವಾಗಿ ಮಡಿಸಿಟ್ಟಿದ್ದವು.

ಗಂಟಲಿಗೆ ಬಂತು. ಇಡೀ ಚಾಮರಾಜಪೇಟೆ ಕೇಳುವಂಥದ್ದು ಬಂತು. ಆದರೆ ತಿಥಿಯ ಮನೆಯಲ್ಲಿ ಬ್ರಾಹ್ಮಣರು ಉಂಡು ಏಳುವವರೆಗೂ ಯಾರೂ ಕೋಪ ಮಾಡುವಂತಿಲ್ಲ, ದನಿಯೆತ್ತುವಂತಿಲ್ಲ. ಎತ್ತಿದರೆ ಪಿತೃಗಳು ಉಣ್ಣದೆ ಎದ್ದು ಹೋಗುತ್ತಾರಂತೆ. ನಂಬುತ್ತೇನೆಯೇ? ಇಲ್ಲ. ಆದರೂ ಅಪ್ಪ ಒಂದು ಊಟ ಬಿಟ್ಟು ಏಳುವುದು ನನ್ನಿಂದಾಗಬಾರದು. ಹಸಿವು ತಡೆಯದ ಮನುಷ್ಯ. ಸೆರಗಿನ ತುದಿ ಬಾಯಲ್ಲಿ ತುರುಕಿಕೊಂಡು ನಿಂತೆ. ಐದು ಸಾವಿರ ಜನರಿಗೆ ಮೈಕಿಲ್ಲದೆ ಕೇಳಿಸಿದವಳು, ಸೆರಗು ಕಚ್ಚಿಕೊಂಡು.

ಅತ್ತ ಶಾಸ್ತ್ರಿಗಳು ಅಗಿಯುತ್ತಿದ್ದಾರೆ. ಅಗಿಯುತ್ತಲೇ ಇದ್ದಾರೆ. ಬೀಜಕ್ಕೆ ಬಿಟ್ಟ ಕಾಯಿ, ತೆಂಗಿನ ಹಗ್ಗದ ಹಾಗಿರುತ್ತದೆ. ಅವರದು ಕಟ್ಟಿಸಿದ ಹಲ್ಲು. ಭಾವಮೈದುನ ನಾರನ್ನು ಎಳೆದೆಳೆದು ಎಲೆಯ ಅಂಚಿಗೆ ಬಿಟ್ಟ. ತಿಥಿಯೂಟದ ರುಚಿಯನ್ನು ಉಣ್ಣುವವರು ಹಳಿಯಬಾರದು, ಅದೊಂದು ನಿಯಮ. ಇಬ್ಬರೂ ಹಳಿಯಲಿಲ್ಲ. ಬೆವರಿದರು.

"ತೃಪ್ತಿಯಾಯ್ತೇ?" ಚಕ್ರಪಾಣಿ ಕೈ ಮುಗಿದು ಕೇಳಿದ.

"ತೃಪ್ತಿ, ತೃಪ್ತಿ" ಎಂದರು ಶಾಸ್ತ್ರಿಗಳು, ದವಡೆ ಹಿಡಿದುಕೊಂಡು. "ಪಲ್ಯ ಸ್ವಲ್ಪ... ಶ್ರಮದಿಂದ ಬಂದ ಹಾಗಿದೆ."

ಅವರು ಗೇಟು ದಾಟಿದರು. ನಾನು ಸೆರಗು ತೆಗೆದೆ.

"ಚಕ್ರಪಾಣೀ!"

ಮೇಲಿನ ಮನೆಯ ಇಂಚರಾ ಅರ್ಧ ಮೆಟ್ಟಿಲು ಓಡಿ ಬಂದು ನಿಂತಳು.

"ಅದು ಬೀಜಕ್ಕೆ ಬಿಟ್ಟಿದ್ದು ಕಣೋ! ತಿನ್ನೋಕಲ್ಲ! ಜಗತ್ತಲ್ಲಿ ಅದಿದ್ದಿದ್ದೇ ಅಷ್ಟು! ಹನುಮಕ್ಕನ ಹೊಲದಲ್ಲಿಲ್ಲ, ಪೇಟೇಲಿಲ್ಲ, ಎಲ್ಲೂ ಇಲ್ಲ! ನೀರಿಲ್ಲದೆ ಬದುಕಿದ ಒಂದೇ ಒಂದು ಗಿಡ, ಅದರ ವಂಶವನ್ನ ನಿರ್ವಂಶ ಮಾಡಿ ಪಲ್ಯ ಮಾಡ್ಸಿದ್ಯಲ್ಲೋ! ಮುಟ್ಟಬಾರ್ದು ಅಂತ ಬಟ್ಟೆ ಕಟ್ಟಿರ್ಲಿಲ್ವಾ? ಹೇಳಿರ್ಲಿಲ್ವಾ?"

ಅಂಬುಜಾ ಅಡುಗೆಮನೆಯಿಂದ: "ನಾನ್ ಹೇಳ್ದೆ ಅಕ್ಕ, ಬಲ್ತಿದೆ ಕಣ್ರೀ, ನಾರು ಅಂತ. ಕೇಳ್ಲಿಲ್ಲ ಇವರು. ಮೀಸಲು, ಹಾಕ್ಲೇಬೇಕು ಅಂದ್ರು."

ಮೀಸಲು. ದೇವರಿಗೋ ಪಿತೃಗಳಿಗೋ ಎಂದು ಎತ್ತಿಟ್ಟು, ಬಟ್ಟೆ ಕಟ್ಟಿ, ಆ ದಿನದವರೆಗೂ ಯಾರೂ ಮುಟ್ಟದ ಮೊದಲ ಫಸಲು. ನಮ್ಮಜ್ಜಿ ಬಾಳೆಗೊನೆಗೆ ಕಟ್ಟುತ್ತಿದ್ದಳು.

ಚಕ್ರಪಾಣಿ ಮಡಿಗೆಂದು ಮತ್ತೆ ನೀರು ಸುರಿದುಕೊಂಡ ಒದ್ದೆಪಂಚೆಯಲ್ಲಿ ನಿಂತಿದ್ದ. ಮೈಯೆಲ್ಲ ವಿಭೂತಿ. ಸಣ್ಣ ಧ್ವನಿ.

"ಅಪ್ಪಂದು ಬಟ್ಟೆ ಅಲ್ವಾ ಅಕ್ಕ. ಮಾರ್ಚ್‌ನಲ್ಲಿ ಕೇಳಿದ್ನಲ್ಲ, ಏನಾದ್ರೂ ಕೊಡು ಅಂತ. ಆಗ ಬೈದು, ಆಮೇಲೆ ಹೇಳ್ದೆ ಕೇಳ್ದೆ ಎತ್ತಿಟ್ಟಿದೀಯಾ ಅಂದ್ಕೊಂಡೆ. ನೀನು ಹಾಗೇ ಅಲ್ವಾ? ಬೆಳಗ್ಗೆ ತಣ್ಣೀರು ಸುರ್ಕೊಂಡು ನಾನೇ ಹೋಗಿ ಕಿತ್ತೆ. ಮುಸುರೆ ನೀರಿಂದು ಅಂತ ಗೊತ್ತು. ಅಪ್ಪನ್ನ ಕೇಳ್ಕೊಂಡೆ. ಅಕ್ಕ ಬೆಳ್ದಿದ್ದು, ಇವತ್ತೊಂದಿನ ಒಪ್ಕೋ ಅಂತ."

ಮರೆಯಿಂದ ಮಾತು ಎತ್ತಿಕೊಡುವ ಪ್ರಾಂಪ್ಟರ್ ಇಲ್ಲ, ಪುಸ್ತಕ ಇಲ್ಲ, ಎದುರಿಗೆ ತೊಟ್ಟಿಕ್ಕುವ ಪಂಚೆಯಲ್ಲಿ ಈ ದಡ್ಡ. ಎಷ್ಟು ದೊಡ್ಡ ಸಿಟ್ಟು ಅದು! ಸರಿಯಾದ ಸಿಟ್ಟು, ನ್ಯಾಯವಾದ ಸಿಟ್ಟು, ಹೊಟ್ಟೆಯ ತಳದಿಂದ ಎತ್ತಿ ತಂದದ್ದು. ಇಡಲು ಜಾಗವಿಲ್ಲದ ಹಾಗೆ ಮಾಡಿಬಿಟ್ಟನಲ್ಲ. ಅದಕ್ಕೂ ಸೇರಿಸಿ ಈಗ ಅವನ ಮೇಲೆ ಸಿಟ್ಟು.

"ಒಂದೂ ಉಳ್ದಿಲ್ವಾ ಅಕ್ಕ?"

ಹಿತ್ತಲಿಗೆ ಹೋದೆ. ಹಿಂದೆಯೇ ಬಂದ. ಸಾಲಿನ ಮಿಕ್ಕ ಗಿಡಗಳನ್ನು ಕೈಯಿಂದ ಬಗೆದು ನೋಡಿದೆ. ಅಡುಗೆಗೆಂದು ನಾನೇ ಕಿತ್ತು ಕಿತ್ತು ಬರಿದು ಮಾಡಿದವು, ಹೂವೂ ನಿಂತು ಹೋಗಿದೆ. ಮೋರಿಯ ಪಕ್ಕದ ಕುಳ್ಳಗಿಡ, ಯಾವಾಗ ಹೂ ಬಿಟ್ಟಿತ್ತೋ, ಎಲೆಯ ಅಡಿಯಲ್ಲಿ ಒಂದೇ ಒಂದು ಗೊಂಚಲು. ಕಡ್ಡಿಯಷ್ಟು ಸಣ್ಣ ಕಾಯಿ. ಬಲಿಯಲು ಇನ್ನೂ ಒಂದು ತಿಂಗಳು ಬೇಕು.

ಇಬ್ಬರೂ ಬಗ್ಗಿ ನೋಡಿದೆವು. ಅವನ ಪಂಚೆಯಿಂದ ನೀರು ತೊಟ್ಟಿಕ್ಕುತ್ತಿತ್ತು. "ದೂರ ನಿಲ್ಲೋ" ಎಂದೆ.

ಮೇ 1, ಮಧ್ಯಾಹ್ನ

ಈ ಮನುಷ್ಯನ ಪಶ್ಚಾತ್ತಾಪ ನನ್ನನ್ನು ಕೊಲ್ಲುತ್ತದೆ. ನಿನ್ನೆ ಸಂಜೆ ಕುಳ್ಳಗಿಡಕ್ಕೆ ಛತ್ರಿ ಹಿಡಿಸಿದ್ದ, ಬ್ಯಾಂಕಿನವರು ರಿಟೈರ್‌ಮೆಂಟಿಗೆ ಕೊಟ್ಟ ಕಪ್ಪು ಛತ್ರಿ. ಕಿತ್ತೆಸೆದೆ. ಬಿಸಿಲು ಬೇಕು ಕಣೋ ಅದಕ್ಕೆ! ಇಂದು ಬೆಳಿಗ್ಗೆ ಮುಸುರೆ ಬಕೆಟ್ಟನ್ನು ತಾನೇ ಎತ್ತಿ ತಂದ, ಮುಖ ಆ ಕಡೆ ತಿರುಗಿಸಿ. ಅರ್ಧ ದಾರಿಯಲ್ಲಿ ಚೆಲ್ಲಿದ. ಆಮೇಲೆ ಮೀಯಲು ನೀರಿಲ್ಲ, ಗೊಣಗುತ್ತಾ ಕೂತ.

ಕೂರಿಸಿ ಪಾಠ ಹೇಳಿದೆ. ಮಕ್ಕಳಿಗೆ ಹೇಳುವ ಹಾಗೆ.

"ನೋಡು. ಇದು ಬಾಯಾರಿಕೆಯಿಂದ ಸಾಯೋ ಗಿಡ ಅಲ್ಲ. ಬುಡದಲ್ಲಿ ನೀರು ನಿಂತ್ರೆ ಬೇರು ಕೊಳೆತು ಸಾಯತ್ತೆ. ನಾಲ್ಕು ದಿನಕ್ಕೆ ಒಂದು ಚೊಂಬು. ನಾನೇ ಹಾಕ್ತೀನಿ. ನೀನು ಮುಟ್ಬೇಡ. ಪೂಜೆ ಮಾಡ್ಬೇಡ. ನೋಡ್ಲೂಬೇಡ. ಅರ್ಥವಾಯ್ತಾ?"

"ಆಯ್ತಕ್ಕ." ಕತ್ತು ಚಾಚಿ ಗಿಡದ ಕಡೆ ನೋಡಿ, "ಆದ್ರೂ ಎಲೆ ಬಾಡ್ದಂಗಿದೆ ಅನ್ಸಲ್ವಾ?"

"ಮಧ್ಯಾಹ್ನ ಎಲ್ಲ ಎಲೇನೂ ಬಾಡತ್ತೆ! ನನ್ ಮುಖನೂ ಬಾಡಿದೆ! ಹೋಗು!"

ಹೋದ. ಅರ್ಥವಾದ ಮುಖವಲ್ಲ ಅದು.

ಹನುಮಕ್ಕನಿಗೆ ಇನ್ನೂ ಹೇಳಿಲ್ಲ. ಏನೆಂದು ಹೇಳಲಿ? ನಿನ್ನಜ್ಜಿಯ ಬೀಜವನ್ನು ನಮ್ಮಪ್ಪ ಉಂಡರು ಎಂದೇ? ನಕ್ಕಾಳು. ಅವಳು ನಕ್ಕರೆ ನನಗೆ ಇನ್ನೂ ಸಿಟ್ಟು ಬರುತ್ತದೆ. ಒಂದು ತಿಂಗಳು ಕಾಯುತ್ತೇನೆ. ಗೊಂಚಲು ಬಲಿಯಲಿ. ಬೀಜ ಕೈಗೆ ಬಂದ ದಿನ ಫೋನು ಮಾಡಿ ಮೊದಲ ಮಾತಿನಿಂದ ಕೊನೆಯವರೆಗೂ ಅಭಿನಯಿಸುತ್ತೇನೆ, ಶಾಸ್ತ್ರಿಗಳ ದವಡೆಯೂ ಸೇರಿ. ಒಂದೇ ಗಿಡ. ಆದರೂ ಗಟ್ಟಿ ಗಿಡ. ನಾನು ಲೆಕ್ಕಕ್ಕೆ ಹಿಡಿಯದಿದ್ದಾಗಲೂ ಕೇಳದೆ ಹೂಬಿಟ್ಟ ಗಿಡ. ಸುಮ್ಮನೆ ಬಿಟ್ಟರೆ ಸಾಕು ಅದು...

ಕಾವೇರಿ ಬಂತು ಅನ್ನಿಸುತ್ತದೆ. ಎರಡು ವಾರದಲ್ಲಿ ಮೊದಲ ಬಾರಿ ಜೋರಾಗಿ ಬರುತ್ತಿದೆ, ಗೋಡೆಯೊಳಗೆ ಕೊಳವೆ ಗುಡುಗುತ್ತಿದೆ. ಡ್ರಮ್ಮು ತುಂಬಿಸಲಿ.

ಡ್ರಮ್ಮಿನ ಸದ್ದಲ್ಲ ಇದು. ಮಣ್ಣಿಗೆ ಬೀಳುವ ಸದ್ದು. ಹಿತ್ತಲಿನಿಂದ.

ಅಂಬುಜಾ ಹೇಳುತ್ತಿದ್ದಾಳೆ: "ಸಾಕೂಂದ್ರೆ, ಪೈಪ್ ಬಿಡಿ, ಅಕ್ಕ ಎದ್ದು ಬರ್ತಾರೆ."

ಅವನು: "ಪಾಪ ಕಣೇ. ಮೂರು ತಿಂಗಳಿಂದ ಉಪವಾಸ ಇದೆ. ಇವತ್ತೊಂದಿನ ಹೊಟ್ಟೆ ತುಂಬ ಕುಡೀಲಿ."

ಹೊಟ್ಟೆ ತುಂಬ! ಅಯ್ಯೋ ಮುಠ್ಠಾಳ, ಚಕ್ರಪಾಣೀ, ಕೈ ತೆಗ—